ಮೂಗಿನಿಂದ ಹಾಲು ಬರುವ ಮಗು

ಕಾಪುವಿನ ಅಜ್ಜಿಯೊಬ್ಬರ ಪತ್ರ: 12 ದಿನದ ಮೊಮ್ಮಗಳ ತುಟಿ ಸರಿಯಿದೆ, ಅಂಗುಳದಲ್ಲಿ ಸೀಳಿದೆ. ಕುಡಿದ ಹಾಲು ಮೂಗಿನಿಂದ ಬರುತ್ತದೆ. ಹುಟ್ಟಿದಾಗ 2.8 ಕೆ.ಜಿ. ಇದ್ದವಳು ಈಗ 2.6. ಮಗಳು ಏಳನೇ ತಿಂಗಳಲ್ಲಿ, ಗ್ರಹಣದ ದಿನ ಹಲಸಿನಹಣ್ಣು ಕೊಯ್ದದ್ದೇ ಕಾರಣ ಎನ್ನುತ್ತಾರೆ ನೆರೆಮನೆಯವರು. ಈಗಲೇ ಆಪರೇಷನ್ ಮಾಡಿಸಬಾರದೇ?

ಉತ್ತರ: ಅಮ್ಮಾ, ಗ್ರಹಣದ ಮಾತನ್ನು ಮೊದಲು ಮಗಳ ಮನಸ್ಸಿನಿಂದ ತೆಗೆಯಿರಿ. ಅಂಗುಳದ ಎಡ-ಬಲ ಭಾಗಗಳು ಕೂಡುವುದು ಗರ್ಭದ ಮೂರನೇ ತಿಂಗಳು ಮುಗಿಯುವುದರೊಳಗೆ. ಏಳನೇ ತಿಂಗಳಲ್ಲಿ ಏನು ಕೊಯ್ದರೂ ಕೂಡಿದ ಅಂಗುಳ ಸೀಳುವುದಿಲ್ಲ. ಮೂರನೇ ತಿಂಗಳ ಗ್ರಹಣವಾಗಿದ್ದರೂ ಅಷ್ಟೇ. ವಂಶವಾಹಿ, ಅಪಸ್ಮಾರದ ಕೆಲವು ಮಾತ್ರೆ, ಧೂಮಪಾನ ಕಾರಣವಾಗಬಹುದು. ಹೆಚ್ಚಿನವರಲ್ಲಿ ಇಂಥದ್ದೇ ಎಂದು ಬೊಟ್ಟು ಮಾಡಲಾಗದು.

ಈಗಿನ ತುರ್ತು ಆಪರೇಷನ್ ಅಲ್ಲ, ತೂಕ. ಮಗುವಿಗೆ ಹಸಿವಿದೆ, ನುಂಗಲೂ ಬರುತ್ತದೆ, ಚೀಪಲಾಗುವುದಿಲ್ಲ. ಸೀಳಿನಿಂದ ಮೂಗಿನ ಗಾಳಿ ಬಾಯಿಗೆ ನುಗ್ಗುವುದರಿಂದ ಹಾಲೆಳೆಯುವ ಸೆಳೆತ ಹುಟ್ಟುವುದೇ ಇಲ್ಲ. ಗಂಟೆಗಟ್ಟಲೆ ಮೊಲೆಗೆ ಹಿಡಿದರೆ ಕುಡಿದದ್ದಕ್ಕಿಂತ ದಣಿದದ್ದೇ ಹೆಚ್ಚಾಗಿ ತೂಕ ಇಳಿಯುತ್ತದೆ. ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಹಾಲುಬಟ್ಟಲು) ಕುಡಿಸಿ. ಅದುಮಿದರೆ ಹಾಲು ಬರುವ ಮೆತ್ತನೆಯ ಬಾಟಲಿಯೂ ಆದೀತು. ಕೆ.ಜಿ.ಗೆ ದಿನಕ್ಕೆ 150 ಮಿ.ಲೀ.ನಂತೆ, ಹುಟ್ಟಿದ ತೂಕದ ಲೆಕ್ಕದಲ್ಲಿ 420 ಮಿ.ಲೀ. ಬೇಕು: ಎಂಟು ಸಲ, ಸಲಕ್ಕೆ 50 ಮಿ.ಲೀ.ಗಿಂತ ತುಸು ಹೆಚ್ಚು. ತಾಯಿಯೂ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು, ಇಲ್ಲವಾದರೆ ಹಾಲು ಬತ್ತುತ್ತದೆ.

ಮಗುವನ್ನು ಮಲಗಿಸಿ ಕುಡಿಸಲೇಬೇಡಿ. ತಲೆ ಎತ್ತರದಲ್ಲಿದ್ದು ಮೈ ಅರ್ಧ ಕುಳಿತಂತೆ ಓರೆಯಾಗಿರಲಿ. ಒಳಲೆಯ ಮೂತಿಯನ್ನು ಕೆನ್ನೆಯ ಬದಿಗಿಟ್ಟು ಸ್ವಲ್ಪ ಸ್ವಲ್ಪವೇ ಸುರಿದು, ನುಂಗಿದ ಮೇಲೆ ಮುಂದಿನದು. ಗಾಳಿ ಬಹಳ ನುಂಗುತ್ತದೆ, ನಡುನಡುವೆ ತೇಗು ಬರಿಸಿ. ಅರ್ಧ ಗಂಟೆ ಮೀರಿಸಬೇಡಿ. ಮೂಗಿಗೆ ಬಂದ ಹಾಲು ಒರೆಸಿದರೆ ಸಾಕು, ಹೆದರಬೇಡಿ. ಕೆಮ್ಮಿದರೆ, ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ಮಾತ್ರ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಸ್ನಾನದ ಹೊತ್ತಿಗೆ ಮೂಗಿಗೆ ಎಣ್ಣೆ ಬಿಡುವುದು, ಬಜೆ ತೇದು ನೆಕ್ಕಿಸುವುದು ಬೇಡ; ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ.

ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಕೆಳದವಡೆ ತೀರಾ ಚಿಕ್ಕದಿದ್ದು ಅಂಗಾತ ಮಲಗಿದಾಗ ಉಸಿರಾಟಕ್ಕೆ ಒದ್ದಾಡಿದರೆ ಅದು ಬೇರೆಯೇ ತುರ್ತು, ಅವತ್ತೇ ಹೋಗಿ.

ಅಂಗುಳ ಹೊಲಿಯುವುದು ಸಾಮಾನ್ಯವಾಗಿ 9ರಿಂದ 12 ತಿಂಗಳಲ್ಲಿ. ಬೇಗ ಹೊಲಿದರೆ ಅರಿವಳಿಕೆಯ ಅಪಾಯ ಹೆಚ್ಚು, ಮೇಲ್ದವಡೆಯ ಬೆಳವಣಿಗೆಗೂ ತೊಡಕು. ತಡವಾದರೆ ಮಾತು ಮೂಗಿನಲ್ಲೇ ರೂಢಿಯಾಗುತ್ತದೆ. ಮಂಗಳೂರು ಬಳಿಯ ದೇರಳಕಟ್ಟೆಯ ನಿಟ್ಟೆ ಮೀನಾಕ್ಷಿ ಕ್ರೇನಿಯೋಫೇಶಿಯಲ್ ಸರ್ಜರಿ ಸಂಸ್ಥೆಯಲ್ಲಿ ಈಗಲೇ ಹೆಸರು ಬರೆಸಬಹುದು. ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡಿಸುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ಅಂಗುಳವೂ ಸೇರಿದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಕಿವಿ ಮರೆಯಬೇಡಿ. ಕಿವಿಯ ನಾಳ ತೆರೆಯುವ ಸ್ನಾಯು ಅಂಗುಳದಲ್ಲೇ ಇರುವುದರಿಂದ ಈ ಮಕ್ಕಳಿಗೆ ನಡುಗಿವಿಯಲ್ಲಿ ದ್ರವ ನಿಂತು ಕೇಳುವುದು ಕಡಿಮೆಯಾಗುತ್ತದೆ. ಶ್ರವಣ ಪರೀಕ್ಷೆಯನ್ನು ಈಗೊಮ್ಮೆ, ಆಪರೇಷನ್ ಹೊತ್ತಿಗೆ ಇನ್ನೊಮ್ಮೆ ಮಾಡಿಸಿ.