ಉದ್ಯೋಗ ಪ್ರಶ್ನೋತ್ತರ: ಸರ್ಟಿಫಿಕೇಟಿನ ದಿನಾಂಕ, ಆಫರ್ ಲೆಟರಿನ ಲೆಕ್ಕ

ಪ್ರಶ್ನೆ: ನಾನು ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವಳು. ಬಿ.ಎ. ಮುಗಿದಿದೆ. ಪ್ರವರ್ಗ 3ಎ. ಗ್ರೂಪ್ ‘ಸಿ’ ಹುದ್ದೆಗಳಿಗೆ ಓದಿಕೊಳ್ಳುತ್ತಿದ್ದೇನೆ. ನಮ್ಮೂರಿನ ಅಕ್ಕ ಒಬ್ಬರಿಗೆ ಒಳ್ಳೆಯ ಅಂಕ ಬಂದಿದ್ದರೂ ದಾಖಲೆ ಪರಿಶೀಲನೆಯಲ್ಲಿ ಗ್ರಾಮೀಣ ಮೀಸಲಾತಿ ಕೊಡಲಿಲ್ಲವಂತೆ. ನಾನು ಯಾವ್ಯಾವ ಸರ್ಟಿಫಿಕೇಟ್ ಯಾವಾಗ ಮಾಡಿಸಬೇಕು?
— ಓದುಗರು, ಮಳವಳ್ಳಿ ತಾಲ್ಲೂಕು

ಉತ್ತರ: ಅಧಿಸೂಚನೆ ಹೊರಡುವ ಮೊದಲೇ ಮಾಡಿಸಿಡಿ. ಅರ್ಜಿಯಲ್ಲಿ ಕೇಳಿದ ಪ್ರತಿಯೊಂದು ಮೀಸಲಾತಿಗೂ ಪ್ರಮಾಣಪತ್ರ ಬೇಕು, ಅದನ್ನು ಅರ್ಜಿಯ ಕೊನೆಯ ದಿನದೊಳಗೆ ಪಡೆದಿರಬೇಕು. ಪರಿಶೀಲನೆಗೆ ಕರೆ ಬಂದ ಮೇಲೆ ಓಡಾಡಿ ತಂದ ಪತ್ರದಲ್ಲಿ ಮಿಕ್ಕೆಲ್ಲ ಸರಿಯಿದ್ದರೂ ದಿನಾಂಕ ಹೊಂದುವುದಿಲ್ಲ. ವರ್ಷಗಟ್ಟಲೆ ಓದಿದ ಮಕ್ಕಳು ಹುದ್ದೆ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ನೋಡಿದರೆ ಸಂಕಟವಾಗುತ್ತದೆ.

ನಿಮಗೆ ಬೇಕಾದವು ಮೂರು. ಮೊದಲನೆಯದು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಅಂದರೆ ನಮೂನೆ-2. ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25ರಷ್ಟು ಮೀಸಲು ಇದೆ, ಒಂದರಿಂದ ಹತ್ತರವರೆಗೂ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಎರಡನೆಯದು ಕನ್ನಡ ಮಾಧ್ಯಮ ಪ್ರಮಾಣಪತ್ರ. ಇದಕ್ಕೆ ಶೇ. 5 ಮೀಸಲು. ಇವೆರಡನ್ನೂ ಮುಖ್ಯೋಪಾಧ್ಯಾಯರು ಕೊಡುತ್ತಾರೆ, ಒಂದೇ ದಿನ ಎರಡನ್ನೂ ಕೇಳಿ. ನಮೂನೆ-2ಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಅವರ, ಮೇಲುರುಜು ಆಗಲೇಬೇಕು. ಪ್ರೈಮರಿ ಒಂದು ಶಾಲೆ, ಹೈಸ್ಕೂಲು ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆಯಿಂದ ಬೇರೆ ಬೇರೆ ತನ್ನಿ.

ಪತ್ರ ಕೈಗೆ ಬಂದ ಕೂಡಲೇ ಮಡಚಿ ಬ್ಯಾಗಿಗೆ ಹಾಕಬೇಡಿ, ಅಲ್ಲೇ ನಿಂತು ಓದಿ. ಯಾವ ತರಗತಿಯಿಂದ ಯಾವ ತರಗತಿವರೆಗೆ, ಯಾವ ವರ್ಷ ಎಂಬುದು ಪೂರ್ತಿ ತುಂಬಿದೆಯೇ? ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ? ಮುಖ್ಯೋಪಾಧ್ಯಾಯರ ಸಹಿಯ ಕೆಳಗೆ ಸೀಲು, ಬಿಇಒ ಸಹಿಯ ಕೆಳಗೆ ಸೀಲು, ಎರಡರ ಪಕ್ಕದಲ್ಲೂ ದಿನಾಂಕ ಇದೆಯೇ? ಸಹಿ ಹಾಕಿ ದಿನಾಂಕ ಬರೆಯುವುದನ್ನು ಮರೆಯುವುದು ಬಹಳ ಸಾಮಾನ್ಯ, ದಿನಾಂಕವಿಲ್ಲದಿದ್ದರೆ ಆ ಪತ್ರ ಯಾವಾಗಿನದೆಂದು ತೋರಿಸಲು ಆಗುವುದಿಲ್ಲ. ಇನ್ನೊಂದು ಮಾತು: ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಶಾಲೆಗೆ ಬೇಸಿಗೆ ರಜೆ. ಆ ಹೊತ್ತಿಗೆ ಅಧಿಸೂಚನೆ ಬಂದರೆ ಮುಖ್ಯೋಪಾಧ್ಯಾಯರನ್ನು ಹುಡುಕಿಕೊಂಡು ಅವರ ಊರಿಗೇ ಹೋಗಬೇಕಾಗುತ್ತದೆ. ಜೂನ್‌ನಿಂದ ಮಾರ್ಚ್‌ ಒಳಗೆ ಕೆಲಸ ಮುಗಿಸಿಕೊಳ್ಳಿ.

ಮೂರನೆಯದು 3ಎ ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಮೂನೆ-ಎಫ್. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಪರಿಶೀಲಿಸಿ, ತಹಶೀಲ್ದಾರರ ಹೆಸರಿನಲ್ಲಿ ಬರುತ್ತದೆ. ಅವಧಿ ಐದು ವರ್ಷ. ಕಾಲೇಜು ಸೇರುವಾಗ ಮಾಡಿಸಿದ್ದನ್ನೇ ನಂಬಿ ಕೂರಬೇಡಿ, ಅದರ ಮೇಲಿನ ದಿನಾಂಕ ನೋಡಿ. ಪ್ರವರ್ಗ ಕೇಳದೆ ಸಾಮಾನ್ಯ ಅರ್ಹತೆಯಲ್ಲಿ ಗ್ರಾಮೀಣ ಮೀಸಲಾತಿ ಕೇಳುವವರು ತಹಶೀಲ್ದಾರರಿಂದ ನಮೂನೆ-1 ಕೂಡ ತರಬೇಕು, ನಿಮಗೆ ಅದು ಬೇಡ.

ರೈಲ್ವೆ, ಬ್ಯಾಂಕ್ ಪರೀಕ್ಷೆಗಳಿಗೆ ಈ ನಮೂನೆ-ಎಫ್ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ, ನಮೂನೆಯೂ ಬೇರೆ. ನಿಮ್ಮ ಜಾತಿಯ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಇಲ್ಲವಾದರೆ ಕುಟುಂಬದ ಆದಾಯ, ಆಸ್ತಿಯ ಮಿತಿಯೊಳಗಿರುವವರು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಪ್ರಶ್ನೆ: ಐಟಿಐ ಫಿಟ್ಟರ್ ಪಾಸಾಗಿದ್ದೇನೆ, ವಯಸ್ಸು 20. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುತ್ತಿಗೆದಾರರ ಮೂಲಕ ತಿಂಗಳಿಗೆ 20 ಸಾವಿರ ‘ಸಿಟಿಸಿ’ ಎಂದಿದ್ದಾರೆ. ಅಪ್ರೆಂಟಿಸ್‌ಗೆ ಹೋದರೆ ಸ್ಟೈಪೆಂಡ್ ಅದರ ಅರ್ಧದಷ್ಟೂ ಇಲ್ಲ. ಮನೆಯಲ್ಲಿ ಕೆಲಸಕ್ಕೇ ಸೇರು ಅನ್ನುತ್ತಾರೆ.
— ಓದುಗರು, ಮೈಸೂರು

ಉತ್ತರ: ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಆ 20 ಸಾವಿರ ನಿಮ್ಮ ಕೈಗೆ ಬರುವುದಿಲ್ಲ, ಮೊದಲು ಆ ಲೆಕ್ಕ ನೋಡೋಣ. ಮೂಲ ವೇತನ 12,000 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1,440. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು, ಎಂದು ಸುಮಾರು 577. ಕಂಪನಿಯ ಪಾಲಿನ ಇಎಸ್‌ಐ (ನೌಕರರ ವಿಮೆ) ಒಟ್ಟು ಸಂಬಳದ ಶೇ. 3.25, ಸುಮಾರು 566. ಇವೆಲ್ಲ ಸಿಟಿಸಿಯೊಳಗೇ ಸೇರಿರುವುದರಿಂದ ಒಟ್ಟು ಸಂಬಳ 17,417ಕ್ಕೆ ಇಳಿಯಿತು. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ ಶೇ. 0.75ರಂತೆ 131 ಕಳೆದರೆ ಕೈಗೆ 15,846. ಊಟ, ಬಸ್ಸಿಗೆ ಹಿಡಿದುಕೊಂಡರೆ ಇನ್ನೂ ಕಡಿಮೆ. ಪಿಎಫ್ ನಿಮ್ಮದೇ ದುಡ್ಡು, ಅದರಲ್ಲಿ ನಷ್ಟವಿಲ್ಲ. ಆದರೆ ಯುಎಎನ್, ಅಂದರೆ ನಿಮ್ಮ ಪಿಎಫ್ ಖಾತೆಯ ನಂಬರ್, ಕೊಟ್ಟಿದ್ದಾರೆಯೇ, ತಿಂಗಳು ತಿಂಗಳು ಜಮಾ ಆಗುತ್ತಿದೆಯೇ ಎಂದು ಪಾಸ್‌ಬುಕ್ ತೆಗೆದು ನೋಡುತ್ತಿರಬೇಕು. ಆಫರ್ ಲೆಟರಿನಲ್ಲಿ ಉದ್ಯೋಗದಾತ ಎಂದು ಯಾರ ಹೆಸರಿದೆ ಎನ್ನುವುದನ್ನೂ ಗಮನಿಸಿ. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ದುಡಿದರೂ ನಾಳೆ ಅನುಭವ ಪತ್ರ ಕೊಡುವವರು ಆ ಗುತ್ತಿಗೆದಾರರೇ.

ನನ್ನ ಸಲಹೆ: ಮನೆಯ ಖರ್ಚು ಒಂದು ವರ್ಷ ತಡೆಯುವಂತಿದ್ದರೆ ಅಪ್ರೆಂಟಿಸ್‌ಗೆ ಹೋಗಿ. ಐಟಿಐ ಪಾಸಾದ ಫಿಟ್ಟರ್‌ಗೆ ಒಂದು ವರ್ಷದ ತರಬೇತಿ. ಕೊನೆಯಲ್ಲಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ, ಎನ್‌ಎಸಿ ಸಿಗುತ್ತದೆ. ರೈಲ್ವೆಯ ಸಂಸ್ಥೆಗಳಲ್ಲಿ ತರಬೇತಿ ಮುಗಿಸಿ ಎನ್‌ಎಸಿ ಪಡೆದವರಿಗೆ ರೈಲ್ವೆಯ ಲೆವೆಲ್-1 (ಆರಂಭಿಕ ಹಂತದ ಹುದ್ದೆಗಳ) ನೇಮಕಾತಿಯಲ್ಲಿ ಶೇ. 20 ಹುದ್ದೆ ಮೀಸಲಿದೆ, ಪರೀಕ್ಷೆ ಮಾತ್ರ ಬರೆಯಲೇಬೇಕು. ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗೂ ನೈಋತ್ಯ ರೈಲ್ವೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ. ಆಯ್ಕೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ, ಲಿಖಿತ ಪರೀಕ್ಷೆ ಇಲ್ಲ. ಸಾಮಾನ್ಯ ವರ್ಗಕ್ಕೆ ವಯಸ್ಸು 24 ದಾಟಿರಬಾರದು, ಹಾಗಾಗಿ ನಿಮಗೆ ಇದೇ ಸಮಯ.

ಹುಷಾರಾಗಿರಬೇಕಾದ ಜಾಗ ಒಂದಿದೆ. ಕೆಲವು ಕಡೆ ‘ಟ್ರೈನಿ’ ಎಂದು ಸೇರಿಸಿಕೊಳ್ಳುತ್ತಾರೆ, ಒಪ್ಪಂದವನ್ನು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸುವುದೇ ಇಲ್ಲ. ಹಾಗಾದರೆ ವರ್ಷವಿಡೀ ದುಡಿದರೂ ಎನ್‌ಎಸಿ ಸಿಗದು. ಸೇರಿದ ಮೊದಲ ವಾರದಲ್ಲೇ ಒಪ್ಪಂದದ ನೋಂದಣಿ ಸಂಖ್ಯೆ ಕೇಳಿ, ನಿಮ್ಮ ಲಾಗಿನ್‌ನಲ್ಲಿ ಅದು ಕಾಣಿಸುತ್ತಿದೆಯೇ ನೋಡಿ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ಟ್ಯಾಲಿ ಕಲಿತಿದ್ದೇನೆ. ಎಷ್ಟು ಕಡೆ ರೆಸ್ಯೂಮೆ ಕಳಿಸಿದರೂ ಕರೆ ಬರುತ್ತಿಲ್ಲ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ‘ಟ್ಯಾಲಿ ಗೊತ್ತು’ ಎಂದು ಎಲ್ಲರೂ ಬರೆಯುತ್ತಾರೆ. ಏನು ಮಾಡಬಲ್ಲಿರಿ ಎಂದು ಬರೆಯಿರಿ: ಖರೀದಿ–ಮಾರಾಟದ ಎಂಟ್ರಿ, ಬ್ಯಾಂಕ್ ರಿಕನ್ಸಿಲಿಯೇಷನ್ (ಬ್ಯಾಂಕಿನ ಲೆಕ್ಕದ ಜತೆ ನಮ್ಮ ಲೆಕ್ಕ ತಾಳೆ ನೋಡುವುದು), ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1 ಮತ್ತು 3ಬಿಗೆ ಬೇಕಾದ ಲೆಕ್ಕ ಸಿದ್ಧ ಮಾಡುವುದು. ತಿಂಗಳ ರಿಟರ್ನ್‌ನಲ್ಲಿ ಮೊದಲನೆಯದಕ್ಕೆ ಮುಂದಿನ ತಿಂಗಳ 11, ಎರಡನೆಯದಕ್ಕೆ 20 ಕೊನೆಯ ದಿನ. ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುತ್ತಾರೆ. ಒಂದೇ ಪುಟ ಸಾಕು. ತಂದೆಯ ಹೆಸರು, ಧರ್ಮ, ಹವ್ಯಾಸ ಬೇಡ.

ಈಮೇಲ್ ಕಳಿಸಿ ಕಾಯುವುದಕ್ಕಿಂತ ಮಂಡ್ಯ, ಮೈಸೂರಿನ ಆಡಿಟರ್ ಕಚೇರಿಗಳಿಗೆ ಏಪ್ರಿಲ್–ಮೇ ತಿಂಗಳಲ್ಲಿ ನೇರವಾಗಿ ಹೋಗಿ. ಅಲ್ಲಿಂದ ಮುಂದೆ ಆದಾಯ ತೆರಿಗೆ ರಿಟರ್ನ್, ಆಡಿಟ್ ಎಂದು ಕೆಲಸ ಏರುತ್ತಲೇ ಹೋಗುತ್ತದೆ, ಕೈ ಬೇಕಾಗಿರುತ್ತದೆ. 11, 20ನೇ ತಾರೀಖಿನ ಆಸುಪಾಸು ಮಾತ್ರ ಹೋಗಬೇಡಿ, ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಸಂಬಳ ಮೊದಲು ಕಡಿಮೆಯೇ. ಆದರೆ ಅಕ್ಕಿ ಗಿರಣಿ, ಹಾರ್ಡ್‌ವೇರ್ ಅಂಗಡಿ, ಕಂಟ್ರಾಕ್ಟರು ಹೀಗೆ ಬಗೆಬಗೆಯ ಲೆಕ್ಕ ಒಂದೇ ಕಡೆ ಕೈಗೆ ಸಿಗುತ್ತದೆ. ಒಂದೇ ಕಂಪನಿಯ ಲೆಕ್ಕ ಬರೆಯುತ್ತಾ ಕೂತರೆ ಅಷ್ಟು ಬೇಗ ಕಲಿಯಲು ಆಗುವುದಿಲ್ಲ.

ಪ್ರಶ್ನೆ: ದೊಡ್ಡ ಕಂಪನಿಯ ಲೋಗೋ ಇರುವ ಆಫರ್ ಲೆಟರ್ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಲ್ಯಾಪ್‌ಟಾಪ್ ಡೆಪಾಸಿಟ್ ಎಂದು 4,500 ಕೇಳುತ್ತಿದ್ದಾರೆ, ವಾಪಸ್ ಕೊಡುತ್ತಾರಂತೆ.
— ಓದುಗರು, ಹೂಟಗಳ್ಳಿ

ಉತ್ತರ: ಕಟ್ಟಬೇಡಿ. ಇಂಟರ್‌ವ್ಯೂ ಇಲ್ಲದೆ ಆಫರ್, ಆಮೇಲೆ ಡೆಪಾಸಿಟ್: ಇದು ಮೋಸದ ಮಾಮೂಲಿ ದಾರಿ. ಕಂಪನಿಯ ವೆಬ್‌ಸೈಟನ್ನು ನೀವೇ ಹುಡುಕಿ ತೆರೆದು, ಅಲ್ಲಿರುವ ವಿಳಾಸಕ್ಕೆ ಆ ಲೆಟರ್ ಕಳಿಸಿ ವಿಚಾರಿಸಿ. ಲೆಟರಿನಲ್ಲೇ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಅವರೇ ಎತ್ತುತ್ತಾರೆ. ಆಧಾರ್, ಪ್ಯಾನ್ ಫೋಟೊವನ್ನೂ ಕಳಿಸಬೇಡಿ. ಈಗಾಗಲೇ ದುಡ್ಡು ಹೋಗಿದ್ದರೆ ಈ ಉತ್ತರ ಪೂರ್ತಿ ಓದುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಹೋದ ಸಮಯ ಮತ್ತು ಯುಪಿಐ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಎಷ್ಟು ಬೇಗ ತಿಳಿಸುತ್ತೀರೋ ಆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಚಾಟ್ ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.