ಹೈಬರ್ನೇಟ್ 6ಕ್ಕೆ ಹೋದ ಮೇಲೆ ಆಗಾಗ 'ಡೂಪ್ಲಿಕೇಟ್ ಕೀ' ಎರರ್, ಪಟ್ಟಿ ಪೇಜ್ ನಿಧಾನ. ಹೈಬರ್ನೇಟನ್ನೇ ತೆಗೆದುಹಾಕಬೇಕಾ?

ತೆಗೆಯಬೇಡಿ. ಈಗಂತೂ ಬೇಡವೇ ಬೇಡ.

ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಓಡುವ ಜಾವಾ ಬಿಲ್ಲಿಂಗ್ ಅಪ್ಲಿಕೇಶನ್. ಸ್ಪ್ರಿಂಗ್ ಬೂಟ್ 2.7ರಿಂದ 3ಕ್ಕೆ ಹೋದಿರಿ, ಅದರ ಜೊತೆಗೇ ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಲೈಬ್ರರಿ ಹೈಬರ್ನೇಟ್ 5.6 ಹೋಗಿ 6 ಬಂತು. ಅವತ್ತಿನಿಂದ ಹೊಸ ಇನ್‌ವಾಯ್ಸ್ ಸೇವ್ ಮಾಡಿದರೆ ಒಮ್ಮೊಮ್ಮೆ 'ಡೂಪ್ಲಿಕೇಟ್ ಕೀ' (ಅದೇ ಐಡಿ ಈಗಾಗಲೇ ಇದೆ) ಅನ್ನುವ ಎರರ್. ಮತ್ತೆ ಸೇವ್ ಒತ್ತಿದರೆ ಹೋಗುತ್ತದೆ. ಇನ್‌ವಾಯ್ಸ್ ಪಟ್ಟಿಯ ಪೇಜ್ ಮೊದಲಿನಿಂದಲೂ ನಿಧಾನ. ಇದೆಲ್ಲ ನೋಡಿ ನಿಮ್ಮ ಲೀಡ್ "ಹೈಬರ್ನೇಟ್ ಸಹವಾಸವೇ ಬೇಡ, ನೇರವಾಗಿ ಎಸ್‌ಕ್ಯೂಎಲ್ ಬರೆಯೋಣ" ಅಂತಿದ್ದಾರೆ. ಎರಡೂ ತೊಂದರೆಗೆ ಕಾರಣ ಬೇರೆ ಬೇರೆ. ಒಂದೇ ಗಂಟು ಕಟ್ಟಿ ಹೈಬರ್ನೇಟ್ ಮೇಲೆ ಹಾಕಿದರೆ ಎರಡೂ ಬಗೆಹರಿಯುವುದಿಲ್ಲ.

ಮೊದಲು ಡೂಪ್ಲಿಕೇಟ್ ಕೀ, ಯಾಕಂದ್ರೆ ಅದು ಡೇಟಾ ಕೆಡಿಸುತ್ತಿದೆ. ನೀವು ಕೊಟ್ಟ ಕಾನ್ಫಿಗರೇಶನ್‌ನಲ್ಲಿ 'ಡಿಡಿಎಲ್-ಆಟೋ' (ಡೇಟಾಬೇಸ್ ರಚನೆಯನ್ನು ಹೈಬರ್ನೇಟ್ ತಾನೇ ಬದಲಿಸಬೇಕಾ ಅನ್ನುವ ಸೆಟ್ಟಿಂಗ್) ಅನ್ನುವುದು 'ಅಪ್‌ಡೇಟ್' ಅಂತಿದೆ, ಐಡಿ ಮೇಲೆ ಬರೀ '@ಜನರೇಟೆಡ್‌ವ್ಯಾಲ್ಯೂ' (ಐಡಿಯನ್ನು ತಾನಾಗಿ ಕೊಡು ಅನ್ನುವ ಸೂಚನೆ) ಇದೆ. ಇವೆರಡೂ ಸೇರಿದರೆ ಏನಾಗುತ್ತದೆ ನೋಡಿ.

ಹೈಬರ್ನೇಟ್ 5ರಲ್ಲಿ ಹೀಗೆ ಬರೆದರೆ ಎಲ್ಲ ಟೇಬಲ್‌ಗಳಿಗೂ ಸೇರಿ 'ಹೈಬರ್ನೇಟ್_ಸೀಕ್ವೆನ್ಸ್' ಅನ್ನುವ ಒಂದೇ ಸೀಕ್ವೆನ್ಸ್ (ಡೇಟಾಬೇಸ್‌ನಲ್ಲಿ ಮುಂದಿನ ಸಂಖ್ಯೆ ಕೊಡುವ ಕೌಂಟರ್) ಇರುತ್ತಿತ್ತು. ಒಂದೊಂದೇ ಏರುತ್ತಿತ್ತು. 6ರಲ್ಲಿ ಪ್ರತಿ ಎಂಟಿಟಿಗೂ (ಟೇಬಲ್‌ಗೆ ಜೋಡಿಸಿದ ಜಾವಾ ಕ್ಲಾಸ್) ಅದರದೇ ಸೀಕ್ವೆನ್ಸ್ ಬೇಕು. ಇನ್‌ವಾಯ್ಸ್‌ಗೆ 'ಇನ್‌ವಾಯ್ಸ್_ಸೀಕ್ಯೂ' ಇರಬೇಕು, ಅದು 50ರ ಹೆಜ್ಜೆಯಲ್ಲಿ ಏರಬೇಕು; ಹೈಬರ್ನೇಟ್ ಒಂದು ಸಲಕ್ಕೆ 50 ಐಡಿಗಳ ಗುಂಪು ಪಡೆದು ಒಂದೊಂದಾಗಿ ಹಂಚುತ್ತದೆ. ನಿಮ್ಮ ಡೇಟಾಬೇಸ್‌ನಲ್ಲಿ ಅದು ಇರಲಿಲ್ಲ. 'ಅಪ್‌ಡೇಟ್' ಇರದೇ ಹೋಗಿದ್ದರೆ "ಈ ಸೀಕ್ವೆನ್ಸ್ ಇಲ್ಲ" ಅಂತ ಎರರ್ ಬಂದು ಅಲ್ಲಿಗೇ ನಿಲ್ಲುತ್ತಿತ್ತು, ಅದೇ ಒಳ್ಳೆಯದಿತ್ತು. 'ಅಪ್‌ಡೇಟ್' ಇದ್ದದ್ದಕ್ಕೆ ಹೈಬರ್ನೇಟ್ ಮಾತಾಡದೆ ಹೊಸ ಸೀಕ್ವೆನ್ಸ್ ಮಾಡಿಕೊಂಡಿತು. ಅದು ಶುರುವಾಗುವುದು 1ರಿಂದ.

ಹಾಗಾದರೆ ಪ್ರತಿ ಸಲವೂ ಎರರ್ ಬರಬೇಕಲ್ವಾ? ಇಲ್ಲ. ಮೊದಲು ಒಂದೇ ಸೀಕ್ವೆನ್ಸನ್ನು ಗ್ರಾಹಕರು, ಐಟಂಗಳು, ಪೇಮೆಂಟ್‌ಗಳು ಎಲ್ಲವೂ ಹಂಚಿಕೊಂಡಿದ್ದವು. ಹಾಗಾಗಿ ಇನ್‌ವಾಯ್ಸ್ ಟೇಬಲ್‌ನಲ್ಲಿ ಐಡಿಗಳು 3, 7, 8, 12 ಹೀಗೆ ನಡುನಡುವೆ ಬಿಟ್ಟುಕೊಂಡು ಇರುತ್ತವೆ. ಹೊಸ ಸೀಕ್ವೆನ್ಸ್ 1, 2 ಕೊಟ್ಟಾಗ ಜಾಗ ಖಾಲಿ ಇದೆ, ಸೇವ್ ಆಯಿತು. 3 ಕೊಟ್ಟಾಗ ಎರರ್. ಆ 3 ಖರ್ಚಾಯಿತು, ಮತ್ತೆ ಒತ್ತಿದಾಗ 4 ಬಂತು, ಸೇವ್ ಆಯಿತು. ನಿಮ್ಮ 'ಒಮ್ಮೊಮ್ಮೆ' ಅಂದರೆ ಇದೇ.

ಎರರ್ ಬಂದವುಗಳಿಗಿಂತ ಸೇವ್ ಆದವುಗಳ ಬಗ್ಗೆ ನನಗೆ ಜಾಸ್ತಿ ಚಿಂತೆ. ಇವತ್ತು ಮಾಡಿದ ಇನ್‌ವಾಯ್ಸ್‌ಗೆ 4 ಅನ್ನುವ ಐಡಿ ಸಿಕ್ಕಿದೆ. ಪಟ್ಟಿಯನ್ನು ಐಡಿ ಪ್ರಕಾರ ಹೊಸದು ಮೇಲೆ ಬರುವಂತೆ ಜೋಡಿಸಿದ್ದರೆ ಅದು ಕೊನೆಯ ಪುಟಕ್ಕೆ ಹೋಗಿ ಕೂತಿರುತ್ತದೆ. "ಇನ್‌ವಾಯ್ಸ್ ಮಾಡಿದೆ, ಕಾಣ್ತಿಲ್ಲ" ಅಂತ ಯಾರಾದರೂ ಹೇಳಿದ್ದರೆ ಕಾರಣ ಅದೇ. ಇನ್ನೊಂದು, ಹಿಂದೆ ಅಳಿಸಿಹಾಕಿದ ಸಾಲುಗಳ ಐಡಿ ಈಗ ಬೇರೆ ಸಾಲಿಗೆ ಸಿಕ್ಕಿರಬಹುದು. ಆಡಿಟ್ ಟೇಬಲ್‌ನಲ್ಲೋ ಬೇರೆ ಸಿಸ್ಟಂನಲ್ಲೋ ಆ ಹಳೇ ಐಡಿ ಉಳಿದಿದ್ದರೆ, ಅದು ಈಗ ತಪ್ಪು ಇನ್‌ವಾಯ್ಸನ್ನು ತೋರಿಸುತ್ತದೆ. ಅಪ್‌ಗ್ರೇಡ್ ದಿನದಿಂದ ಈಚೆಗೆ ಸೇರಿದ ಸಾಲುಗಳನ್ನು 'ಕ್ರಿಯೇಟೆಡ್' ತಾರೀಖಿನ ಮೇಲೆ ಹುಡುಕಿ, ಐಡಿ ತೀರಾ ಚಿಕ್ಕದಿರುವವನ್ನು ಬೇರೆ ಪಟ್ಟಿ ಮಾಡಿ ಇಟ್ಟುಕೊಳ್ಳಿ.

ಸರಿಪಡಿಸುವುದಕ್ಕೆ ಎರಡು ದಾರಿ. ಬೇಗ ಆಗುವುದು, ಹಳೇ ನಡವಳಿಕೆಗೇ ವಾಪಸ್ ಹೋಗುವುದು. ಐಡಿ ಮೇಲೆ '@ಸೀಕ್ವೆನ್ಸ್‌ಜನರೇಟರ್' ಹಾಕಿ, ಸೀಕ್ವೆನ್ಸ್ ಹೆಸರು 'ಹೈಬರ್ನೇಟ್_ಸೀಕ್ವೆನ್ಸ್', 'ಅಲೊಕೇಶನ್‌ಸೈಜ್' (ಒಂದು ಸಲಕ್ಕೆ ಪಡೆಯುವ ಐಡಿಗಳ ಲೆಕ್ಕ) 1 ಅಂತ ಬಿಡಿಸಿ ಬರೆಯಿರಿ. ಎಲ್ಲ ಎಂಟಿಟಿಗೂ ಒಂದೇ ಬೇಸ್ ಕ್ಲಾಸ್ ಇದ್ದರೆ ಅಲ್ಲೊಂದು ಕಡೆ ಬರೆದರೆ ಸಾಕು. ಹಳೇ ಸೀಕ್ವೆನ್ಸ್ ಇನ್ನೂ ಅಲ್ಲೇ ಇದೆ, ಅದರ ಸಂಖ್ಯೆ ಎಲ್ಲ ಐಡಿಗಳಿಗಿಂತ ಮುಂದಿದೆ. ಪ್ರತಿ ಇನ್ಸರ್ಟ್‌ಗೂ ಒಂದು ಸಲ ಸೀಕ್ವೆನ್ಸ್ ಕೇಳಬೇಕಾಗುತ್ತದೆ, ಆದರೆ ನೀವು 5ರಲ್ಲೂ ಹಾಗೇ ಓಡಿಸುತ್ತಿದ್ದಿರಿ.

ಎರಡನೆಯದು, ಹೊಸ ಸೀಕ್ವೆನ್ಸ್‌ಗಳನ್ನೇ ಇಟ್ಟುಕೊಂಡು ಮುಂದಕ್ಕೆ ತಳ್ಳುವುದು. ಇಲ್ಲಿ ಒಂದು ಗುಂಡಿ ಇದೆ. ಟೇಬಲ್‌ನ ದೊಡ್ಡ ಐಡಿ 1000 ಅಂದುಕೊಳ್ಳಿ. ಸೀಕ್ವೆನ್ಸನ್ನು 1001ರಿಂದ ರೀಸ್ಟಾರ್ಟ್ ಮಾಡಿದರೆ ಸಾಕು ಅನಿಸುತ್ತದೆ. ಸಾಲದು. ಹೆಜ್ಜೆ 50 ಇದ್ದಾಗ ಹೈಬರ್ನೇಟ್ ತಾನು ಪಡೆದ ಸಂಖ್ಯೆಯನ್ನು ಆ ಗುಂಪಿನ ಕೊನೆಯ ಐಡಿ ಅಂತ ಲೆಕ್ಕ ಹಾಕುತ್ತದೆ. 1001 ಸಿಕ್ಕರೆ 952ರಿಂದ ಹಂಚಲು ಶುರು ಮಾಡುತ್ತದೆ, ಮತ್ತೆ ಅದೇ ಎರರ್. ಕಡಿಮೆ ಅಂದರೂ 1050ರಿಂದ ಶುರು ಮಾಡಿ. ಆಮೇಲೆ ಅಪ್ಲಿಕೇಶನ್‌ನ ಎಲ್ಲ ಇನ್‌ಸ್ಟನ್ಸ್‌ಗಳನ್ನೂ (ಓಡುತ್ತಿರುವ ಪ್ರತಿಗಳನ್ನೂ) ರೀಸ್ಟಾರ್ಟ್ ಮಾಡಿ. ಒಂದೊಂದರ ಮೆಮೊರಿಯಲ್ಲೂ ಹಳೇ ಗುಂಪಿನ ಐಡಿಗಳು ಮಿಕ್ಕಿರುತ್ತವೆ, ಅವು ಖರ್ಚಾಗುವವರೆಗೆ ಹೊಸ ಸೀಕ್ವೆನ್ಸ್ ಕಡೆ ನೋಡುವುದೇ ಇಲ್ಲ.

ಇವತ್ತಿಗೆ ಮೊದಲ ದಾರಿ ಹಿಡಿಯಿರಿ. ಎರಡನೆಯದನ್ನು ನಿಧಾನವಾಗಿ, ಫ್ಲೈವೇ ಅಥವಾ ಲಿಕ್ವಿಬೇಸ್ (ಡೇಟಾಬೇಸ್ ಬದಲಾವಣೆ ನಡೆಸುವ ಸಾಧನಗಳು) ಸ್ಕ್ರಿಪ್ಟ್ ಆಗಿ ಬರೆದು ಮಾಡಿ. ಪ್ರೊಡಕ್ಷನ್‌ನಲ್ಲಿ 'ಡಿಡಿಎಲ್-ಆಟೋ'ವನ್ನು ಇವತ್ತೇ 'ವ್ಯಾಲಿಡೇಟ್'ಗೆ (ಬರೀ ತಾಳೆ ನೋಡುವುದು, ಏನನ್ನೂ ಬದಲಿಸದಿರುವುದು) ಬದಲಿಸಿ.

ಮಧ್ಯೆ ಒಂದು ಮಾತು. ಈ ಐಡಿಯನ್ನೇ ಜಿಎಸ್‌ಟಿ ಇನ್‌ವಾಯ್ಸ್ ನಂಬರ್ ಅಂತ ಪ್ರಿಂಟ್ ಮಾಡುತ್ತಿಲ್ಲ ತಾನೇ? ಸಿಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್‌ಗೆ ಕ್ರಮವಾಗಿ ಬರುವ ಸೀರಿಯಲ್ ನಂಬರ್ ಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಸೀಕ್ವೆನ್ಸ್ ಯಾವತ್ತೂ ಕ್ರಮದ ಭರವಸೆ ಕೊಡುವುದಿಲ್ಲ. ರೋಲ್‌ಬ್ಯಾಕ್ ಆದರೆ (ಸೇವ್ ನಡುವೆ ರದ್ದಾದರೆ) ಒಂದು ನಂಬರ್ ಹೋಯಿತು, 50ರ ಗುಂಪು ಇದ್ದರೆ ಪ್ರತಿ ರೀಸ್ಟಾರ್ಟ್‌ಗೂ ಮಿಕ್ಕಿದ್ದಷ್ಟೂ ಹೋಯಿತು. ನಂಬರ್‌ಗೆ ಬೇರೆ ಕಾಲಂ, ಬೇರೆ ಕೌಂಟರ್ ಟೇಬಲ್ ಇಡಿ.

'ವ್ಯಾಲಿಡೇಟ್' ಹಾಕಿದ ತಕ್ಷಣ ಇನ್ನೊಂದಷ್ಟು ಹೊರಬರಬಹುದು. 'ಆರ್ಡಿನಲ್' (ಕ್ರಮಸಂಖ್ಯೆ) ಆಗಿ ಇಟ್ಟ ಎನಮ್ (ನಿಗದಿತ ಆಯ್ಕೆಗಳ) ಕಾಲಂ ನಿಮ್ಮಲ್ಲಿ 'ಇಂಟ್4' ಇರುತ್ತದೆ, ಹೈಬರ್ನೇಟ್ 6 'ಸ್ಮಾಲ್‌ಇಂಟ್' ಕೇಳುತ್ತದೆ. ಆ ಫೀಲ್ಡ್ ಮೇಲೆ '@ಜೆಡಿಬಿಸಿಟೈಪ್‌ಕೋಡ್' ಹಾಕಿ ಇಂಟಿಜರ್ ಅಂತ ಹೇಳಿದರೆ ಸರಿಹೋಗುತ್ತದೆ. ನೇಟಿವ್ ಕ್ವೆರಿಯಲ್ಲಿ (ನೇರ ಎಸ್‌ಕ್ಯೂಎಲ್‌ನಲ್ಲಿ) 'ಕೌಂಟ್' ತೆಗೆದು 'ಬಿಗ್‌ಇಂಟಿಜರ್'ಗೆ ಕಾಸ್ಟ್ ಮಾಡಿದ ಕೋಡ್ ಇದ್ದರೆ ಅದೂ ಒಡೆಯುತ್ತದೆ, ಈಗ ಬರುವುದು 'ಲಾಂಗ್'. ಇದು ಕಂಪೈಲ್ ಆಗುವಾಗ ಗೊತ್ತಾಗುವುದಿಲ್ಲ, ಓಡುವಾಗಲೇ ಗೊತ್ತಾಗುವುದು. ಅದಕ್ಕೇ ಪ್ರಾಜೆಕ್ಟ್ ಪೂರ್ತಿ 'ಬಿಗ್‌ಇಂಟಿಜರ್' ಅಂತ ಹುಡುಕಿಬಿಡಿ.

ಈಗ ನಿಧಾನದ ಪೇಜ್. ಇದು 5ರಲ್ಲೂ ಇತ್ತು ಅಂತ ನೀವೇ ಬರೆದಿದ್ದೀರಿ. ಅಂದರೆ ಅಪ್‌ಗ್ರೇಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಊಹೆ ಮಾಡುವ ಬದಲು ಅದು ಬರೆಯುವ ಎಸ್‌ಕ್ಯೂಎಲ್ ನೋಡಿ. 'ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್' ಲಾಗರನ್ನು ಡೀಬಗ್‌ಗೆ ಇಡಿ. ಪ್ಯಾರಾಮೀಟರ್ ಬೆಲೆಗಳೂ ಕಾಣಬೇಕು ಅಂದರೆ 6ರಲ್ಲಿ ಆ ಲಾಗರ್ ಹೆಸರು ಬದಲಾಗಿದೆ, 'ಆರ್ಗ್.ಹೈಬರ್ನೇಟ್.ಓಆರ್‌ಎಂ.ಜೆಡಿಬಿಸಿ.ಬೈಂಡ್' ಅನ್ನುವುದನ್ನು ಟ್ರೇಸ್‌ಗೆ ಇಡಬೇಕು. ಹಳೇ ಹೆಸರು ಇಟ್ಟುಕೊಂಡು "ಲಾಗ್ ಬರ್ತಿಲ್ಲ" ಅಂತ ತಲೆ ಕೆಡಿಸಿಕೊಳ್ಳುವವರು ತುಂಬ ಜನ.

ಪೇಜ್ ಒಂದು ಸಲ ತೆರೆಯಿರಿ, ಕ್ವೆರಿ ಎಣಿಸಿ. ಪುಟಕ್ಕೆ 20 ಇನ್‌ವಾಯ್ಸ್ ಇದ್ದರೆ, ಪಟ್ಟಿಗೆ ಒಂದು ಕ್ವೆರಿ, ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು, ಒಂದೊಂದು ಇನ್‌ವಾಯ್ಸ್‌ನ ಐಟಂಗಳಿಗೆ ಇನ್ನೊಂದೊಂದು. ಹೆಚ್ಚೆಂದರೆ 41. ಎನ್ ಪ್ಲಸ್ ಒನ್ ಅಂತ ಎಲ್ಲರೂ ಹೇಳುವುದು ಇದನ್ನೇ. '@ಮೆನಿಟುಒನ್' (ಹಲವು ಇನ್‌ವಾಯ್ಸ್‌ಗೆ ಒಬ್ಬ ಗ್ರಾಹಕ ಅನ್ನುವ ಥರದ ಸಂಬಂಧ) ಏನೂ ಹೇಳದಿದ್ದರೆ 'ಈಗರ್' ಆಗಿರುತ್ತದೆ, ನೀವು ಗ್ರಾಹಕರನ್ನು ಕೇಳದಿದ್ದರೂ ಅದು ತಂದೇ ತರುತ್ತದೆ. ಎಲ್ಲ ಕಡೆ 'ಲೇಜಿ' (ಕೇಳಿದಾಗ ಮಾತ್ರ ತರುವುದು) ಮಾಡಿ, ಬೇಕಾದ ಕ್ವೆರಿಯಲ್ಲಿ ಮಾತ್ರ 'ಜಾಯಿನ್ ಫೆಚ್' (ಒಂದೇ ಕ್ವೆರಿಯಲ್ಲಿ ಒಟ್ಟಿಗೆ ತರುವುದು) ಮಾಡಿ.

ಐಟಂಗಳ ವಿಷಯದಲ್ಲಿ ಮಾತ್ರ ಹುಷಾರು. ಪೇಜಿಂಗ್ ಇರುವ ಕ್ವೆರಿಗೆ ಐಟಂ ಪಟ್ಟಿಯನ್ನು 'ಜಾಯಿನ್ ಫೆಚ್' ಮಾಡಿದರೆ ಹೈಬರ್ನೇಟ್ ಇಡೀ ಟೇಬಲನ್ನು ಮೆಮೊರಿಗೆ ಎಳೆದುಕೊಂಡು ಅಲ್ಲಿ 20 ಸಾಲು ಕತ್ತರಿಸಿ ಕೊಡುತ್ತದೆ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಹಾಕುತ್ತದೆ ಅಷ್ಟೇ. 5ರಲ್ಲಿ ಅದರ ಕೋಡ್ ಎಚ್‌ಎಚ್‌ಎಚ್000104, 6ರಲ್ಲಿ ಎಚ್‌ಎಚ್‌ಎಚ್90003004. ಟೆಸ್ಟ್ ಡೇಟಾ ಕಡಿಮೆ ಇರುವುದರಿಂದ ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಸುಲಭದ ದಾರಿ, 'ಡೀಫಾಲ್ಟ್_ಬ್ಯಾಚ್_ಫೆಚ್_ಸೈಜ್' ಅನ್ನು 50ಕ್ಕೆ ಇಡುವುದು. ಆಗ 20 ಇನ್‌ವಾಯ್ಸ್‌ಗಳ ಐಟಂ ಒಂದೇ ಕ್ವೆರಿಯಲ್ಲಿ ಬರುತ್ತವೆ. ಒಂದೇ ಸಾಲಿನ ಕಾನ್ಫಿಗರೇಶನ್, ಕೋಡ್ ಮುಟ್ಟಬೇಕಿಲ್ಲ. ಪಟ್ಟಿಯಲ್ಲಿ ಬರೀ ನಂಬರ್, ಹೆಸರು, ಮೊತ್ತ ತೋರಿಸುವುದಾದರೆ ಎಂಟಿಟಿ ತರುವುದೇ ದಂಡ, ಬೇಕಾದ ಫೀಲ್ಡ್‌ಗಳಷ್ಟೇ ಇರುವ ಸರಳ ಆಬ್ಜೆಕ್ಟ್‌ಗೆ (ಡಿಟಿಒ) ನೇರವಾಗಿ ಸೆಲೆಕ್ಟ್ ಮಾಡಿ.

'ಓಪನ್-ಇನ್-ವ್ಯೂ' (ಉತ್ತರ ಕಳಿಸುವವರೆಗೂ ಹೈಬರ್ನೇಟ್ ಸೆಷನ್ ತೆರೆದಿಡುವ ಸೆಟ್ಟಿಂಗ್) ಕೂಡ ನೋಡಿ. ಸ್ಪ್ರಿಂಗ್ ಬೂಟ್‌ನಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ. ಅದಕ್ಕೇ ಲೇಜಿ ಫೀಲ್ಡ್‌ಗಳು ಜೇಸನ್ ಬರೆಯುವಾಗಲೂ ಸದ್ದಿಲ್ಲದೆ ಲೋಡ್ ಆಗುತ್ತವೆ, ಡೇಟಾಬೇಸ್ ಕನೆಕ್ಷನ್ ಅಲ್ಲಿಯವರೆಗೂ ಹಿಡಿದೇ ಇರುತ್ತದೆ. ಹಿಕಾರಿ ಪೂಲ್‌ನಲ್ಲಿ (ಕನೆಕ್ಷನ್‌ಗಳ ಸಂಗ್ರಹ) ನೀವೇನೂ ಹೇಳದಿದ್ದರೆ ಸಿಗುವುದು 10 ಕನೆಕ್ಷನ್. ನಿಧಾನದ ಪೇಜನ್ನು ಹತ್ತು ಜನ ಒಟ್ಟಿಗೆ ತೆರೆದರೆ ಹನ್ನೊಂದನೆಯವರು ಕಾಯಬೇಕು. 'ಓಪನ್-ಇನ್-ವ್ಯೂ' ಆಫ್ ಮಾಡಿದರೆ 'ಲೇಜಿಇನಿಶಿಯಲೈಸೇಶನ್‌ಎಕ್ಸೆಪ್ಶನ್' ಎರರ್‌ಗಳು ಸಾಲುಸಾಲಾಗಿ ಬರುತ್ತವೆ. ಗಾಬರಿ ಬೇಡ. ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಕ್ವೆರಿಗಳ ವಿಳಾಸ ಸಿಕ್ಕಿತು ಅಂದುಕೊಳ್ಳಿ. ಆದರೆ ಈ ಕೆಲಸವನ್ನು ಸೀಕ್ವೆನ್ಸ್ ರಿಪೇರಿ ಜೊತೆ ಒಂದೇ ರಿಲೀಸ್‌ನಲ್ಲಿ ಕಳಿಸಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹೇಳಲಾಗುವುದಿಲ್ಲ.

ಟೆಸ್ಟ್‌ಗಳಲ್ಲಿ ಡೂಪ್ಲಿಕೇಟ್ ಕೀ ತಪ್ಪು ಯಾಕೆ ಸಿಗಲಿಲ್ಲ ಅಂತಲೂ ಕೇಳಿದ್ದೀರಿ. ಟೆಸ್ಟ್ ಡೇಟಾಬೇಸ್ ಖಾಲಿಯಾಗಿ ಶುರುವಾಗುತ್ತದೆ, 1ರಿಂದ ಐಡಿ ಕೊಟ್ಟರೆ ಅಲ್ಲಿ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಎಚ್2 (ಟೆಸ್ಟ್‌ಗೆ ಬಳಸುವ ಹಗುರ ಡೇಟಾಬೇಸ್) ಬಿಟ್ಟು ಟೆಸ್ಟ್‌ಕಂಟೇನರ್ಸ್‌ನಲ್ಲಿ (ಟೆಸ್ಟ್‌ಗಾಗಿ ಕಂಟೇನರ್‌ನಲ್ಲಿ ಡೇಟಾಬೇಸ್ ಓಡಿಸುವ ಲೈಬ್ರರಿ) ನಿಜವಾದ ಪೋಸ್ಟ್‌ಗ್ರೆಸ್ ಓಡಿಸಿದರೂ ಇದೊಂದು ತಪ್ಪು ಸಿಗುತ್ತಿರಲಿಲ್ಲ. ಪ್ರೊಡಕ್ಷನ್‌ನ ಪ್ರತಿ ತೆಗೆದು, ಗ್ರಾಹಕರ ಹೆಸರು, ಫೋನ್ ಎಲ್ಲ ಮರೆಮಾಡಿ, ಅದರ ಮೇಲೆ ಅಪ್‌ಗ್ರೇಡ್ ಓಡಿಸಿ ನೋಡಬೇಕು. ಕ್ವೆರಿ ಲೆಕ್ಕಕ್ಕಾದರೆ ಹೈಬರ್ನೇಟ್‌ನ 'ಸ್ಟಾಟಿಸ್ಟಿಕ್ಸ್' ಆನ್ ಮಾಡಿ, "ಈ ಪೇಜ್‌ಗೆ 3 ಕ್ವೆರಿ ಮೀರಬಾರದು" ಅಂತ ಒಂದು ಟೆಸ್ಟ್ ಬರೆದಿಡಿ.

ಲೀಡ್ ಮಾತಿಗೆ ಬರೋಣ. ಗೇವಿನ್ ಕಿಂಗ್ 2001ರಲ್ಲಿ ಹೈಬರ್ನೇಟ್ ಶುರು ಮಾಡಿದ್ದು ಆಗಿನ ಜಾವಾ ಪದ್ಧತಿಯಾದ ಇಜೆಬಿ 2ರ ಎಂಟಿಟಿ ಬೀನ್‌ಗಳ ಕಾಟಕ್ಕೆ. ಎಸ್‌ಕ್ಯೂಎಲ್ ಕಲಿಯುವುದನ್ನು ತಪ್ಪಿಸುವುದಕ್ಕಲ್ಲ. 41 ಕ್ವೆರಿ ಬರೆಯುವ ಲೂಪನ್ನು ಕೈಯಿಂದಲೂ ಬರೆಯಬಹುದು, ಅಂಥ ಕೋಡ್ ಬೇಕಾದಷ್ಟು ನೋಡಿದ್ದೇನೆ. ಈಗ ಹೈಬರ್ನೇಟ್ ತೆಗೆದರೆ '@ವರ್ಷನ್' ಮೂಲಕ ಸಿಗುವ ಲಾಕಿಂಗ್ (ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ಅಳಿಸದಂತೆ ತಡೆಯುವುದು), ಬದಲಾದದ್ದನ್ನು ಗುರುತಿಸಿ ಅಪ್‌ಡೇಟ್ ಮಾಡುವುದು, ಎಲ್ಲವನ್ನೂ ನೀವೇ ಮತ್ತೆ ಕಟ್ಟಬೇಕು.

ಆದರೆ ಅವರ ಮಾತಲ್ಲಿ ಅರ್ಧ ನಿಜ ಇದೆ. ತಿಂಗಳ ಕೊನೆಯ ರಿಪೋರ್ಟ್, ಒಂದೇ ಏಟಿಗೆ ಸಾವಿರಾರು ಸಾಲಿನ ಅಪ್‌ಡೇಟ್, ಇವಕ್ಕೆಲ್ಲ ಎಂಟಿಟಿ ಯಾಕೆ? ಅಲ್ಲಿ ನೇರ ಎಸ್‌ಕ್ಯೂಎಲ್ ಓಡಿಸುವ ಜೆಡಿಬಿಸಿ ಟೆಂಪ್ಲೇಟ್ ಅಥವಾ ಜೂಕ್ ಲೈಬ್ರರಿ ಬಳಸಿ. ಹೈಬರ್ನೇಟ್ ಜೊತೆ ಇವು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಚೆನ್ನಾಗಿ ಓಡುತ್ತವೆ. ಒಂದು ನೆನಪಿಡಿ, ಜೆಡಿಬಿಸಿ ಟೆಂಪ್ಲೇಟ್‌ನಲ್ಲಿ ಕ್ವೆರಿ ಓಡಿಸುತ್ತಿದ್ದೀರಿ ಅಂತ ಹೈಬರ್ನೇಟ್‌ಗೆ ಗೊತ್ತಾಗುವುದಿಲ್ಲ. ಅದರ ಕೈಯಲ್ಲಿ ಇನ್ನೂ ಬರೆಯದೆ ಉಳಿದ ಬದಲಾವಣೆ ಇದ್ದರೆ ನಿಮ್ಮ ಕ್ವೆರಿಗೆ ಕಾಣುವುದಿಲ್ಲ. ಮೊದಲು 'ಫ್ಲಶ್' ಕರೆದು ಅವನ್ನು ಡೇಟಾಬೇಸ್‌ಗೆ ಬರೆಸಿ.

ಹೈಬರ್ನೇಟ್ 7ಕ್ಕೆ ಆತುರ ಬೇಡ. ಆದರೆ ಸೆಷನ್ ಮೇಲಿನ 'ಸೇವ್', 'ಅಪ್‌ಡೇಟ್', 'ಸೇವ್‌ಆರ್‌ಅಪ್‌ಡೇಟ್' ಮೆಥಡ್‌ಗಳು ಅಲ್ಲಿ ಇಲ್ಲ. ಹಳೇ ಡಿಎಒ (ಡೇಟಾಬೇಸ್ ಜೊತೆ ಮಾತಾಡುವ) ಕ್ಲಾಸ್‌ಗಳನ್ನು ಮುಟ್ಟಿದಾಗಲೆಲ್ಲ 'ಪರ್ಸಿಸ್ಟ್', 'ಮರ್ಜ್'ಗೆ ಬದಲಿಸುತ್ತಾ ಬನ್ನಿ.

ಇಷ್ಟರಲ್ಲಿ ಇನ್‌ವಾಯ್ಸ್ ಟೇಬಲ್‌ನ ದೊಡ್ಡ ಐಡಿ, 'ಇನ್‌ವಾಯ್ಸ್_ಸೀಕ್ಯೂ' ಮತ್ತು 'ಹೈಬರ್ನೇಟ್_ಸೀಕ್ವೆನ್ಸ್' ಎರಡರ ಈಗಿನ ಬೆಲೆ, ಈ ಮೂರು ಸಂಖ್ಯೆ ತೆಗೆದು ಪ್ರಶ್ನೆಗೆ ಸೇರಿಸಿ. ಮೊದಲನೆಯದಕ್ಕಿಂತ ಎರಡನೆಯದು ಚಿಕ್ಕದಿದ್ದರೆ ನಾನು ಹೇಳಿದ್ದೇ ಕಾರಣ. ದೊಡ್ಡದಿದ್ದರೆ ಬೇರೆ ಕಡೆ ಹುಡುಕಬೇಕು, ಆಗ ಎರರ್‌ನ ಪೂರ್ತಿ ಸ್ಟಾಕ್ ಟ್ರೇಸ್ ಕೂಡ ಹಾಕಿ.