ಐರನ್ ಮೇಡನ್‌ನ 2000ದ ಈಚೆಗಿನ ಆಲ್ಬಮ್‌ಗಳು: ಕೇಳಬೇಕಾ, ಬಿಡಬೇಕಾ?

ನಿಮ್ಮ ಪ್ರಶ್ನೆ ಇದು: ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಎಂಬತ್ತರ ದಶಕದ ಹಾಡುಗಳನ್ನ ಪೂರ್ತಿ ಕೇಳಿ ಮುಗಿಸಿದ್ದೀರಿ. 2000ದಿಂದ ಈಚೆಗೆ ಬಂದ ಆರು ಆಲ್ಬಮ್‌ಗಳನ್ನು ಹಳೇ ಅಭಿಮಾನಿಗಳು ‘ಬರೀ ಎಳೆದಾಟ’ ಅಂತ ಬೈತಾರೆ, ಹೊಸಬರು ಹೊತ್ತು ಮೆರೆಸ್ತಾರೆ. ಯಾರ ಮಾತು ನಂಬೋದು, ಎಲ್ಲಿಂದ ಶುರು ಮಾಡೋದು?

2006ರ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ನಿಂದ ಶುರು ಮಾಡಿ. ಎಲ್ಲರೂ 2000ದ ‘ಬ್ರೇವ್ ನ್ಯೂ ವರ್ಲ್ಡ್’ ಕಡೆ ಕೈ ತೋರಿಸ್ತಾರೆ. ಅದೂ ಒಳ್ಳೇದೇ, ಆದರೆ ಹಳೇ ಮೇಡನ್‌ಗೆ ತೀರಾ ಹತ್ತಿರ. ಅದನ್ನು ಮೊದಲು ಕೇಳಿದರೆ ಈ ಜಗಳ ಯಾತಕ್ಕೆ ಅಂತಲೇ ಗೊತ್ತಾಗಲ್ಲ.

ಜಗಳ ನಮ್ಮೂರು ಹಾಸನದಲ್ಲೂ ಇದೆ. ಇಲ್ಲಿ ಮೆಟಲ್ ಕೇಳೋರನ್ನ ಒಂದು ಇನ್ನೋವಾದಲ್ಲಿ ಕೂರಿಸಬಹುದು, ಆದರೂ ಎರಡು ಪಾರ್ಟಿ. ಒಂದು ಕಡೆ ನಾವೆಲ್ಲ ಅಣ್ಣ ಅನ್ನೋ ಒಬ್ಬರು. ತೊಂಬತ್ತರ ದಶಕದಲ್ಲಿ ಬಿ.ಎಂ. ರಸ್ತೆ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದರು, ಈಗ ಅದೇ ಮಳಿಗೆಯಲ್ಲಿ ಮೊಬೈಲ್ ರಿಪೇರಿ. ಅವರ ಲೆಕ್ಕದಲ್ಲಿ 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ಗೆ ಬ್ಯಾಂಡ್ ಕಥೆ ಮುಗೀತು. ಇನ್ನೊಂದು ಕಡೆ ಇಂಜಿನಿಯರಿಂಗ್ ಓದೋ ಹುಡುಗ, ಮೇಡನ್ ಕೇಳೋಕೆ ಶುರು ಮಾಡಿದ್ದೇ 2015ರ ‘ದಿ ಬುಕ್ ಆಫ್ ಸೋಲ್ಸ್’ನಿಂದ.

“ಅಣ್ಣ, ನೀವು ಹಾಡು ಕೇಳ್ತಿಲ್ಲ, ಗಡಿಯಾರ ನೋಡ್ತಿದ್ದೀರ” ಅಂತಾನೆ ಇವನು.

“ಹೋಗಲೋ, ನಿನ್ನ ಹಾಡು ಶುರುವಾಗೋದ್ರೊಳಗೆ ಸಕಲೇಶಪುರ ಬಂದಿರುತ್ತೆ” ಅಂತಾರೆ ಅವರು.

ನನ್ನ ಪ್ರಕಾರ ಇಬ್ಬರೂ ಅರ್ಧ ಸರಿ. ಉದ್ದ ಅನ್ನೋದು ಮೇಡನ್‌ಗೆ ಹೊಸದೇ ಅಲ್ಲ. 1984ರ ‘ಪವರ್‌ಸ್ಲೇವ್’ನಲ್ಲಿ ಮುದಿ ನಾವಿಕನ ಕಥೆಯ ಹಾಡು ಹದಿಮೂರು ಮುಕ್ಕಾಲು ನಿಮಿಷ ಇದೆ, ಅದನ್ನ ಅಣ್ಣ ಕಣ್ಣು ಮುಚ್ಚಿಕೊಂಡು ಕೇಳ್ತಾರೆ. ಆದರೆ ಆವಾಗ ಆ ಥರದ್ದು ಆಲ್ಬಮ್‌ಗೆ ಒಂದೇ. ಕಾರಣ ಸರಳ: ಎಲ್‌ಪಿ ತಟ್ಟೆಯ ಒಂದು ಬದಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಮಾತ್ರ ಚೆನ್ನಾಗಿ ಹಿಡಿಯುತ್ತೆ. 1982ರ ‘ದಿ ನಂಬರ್ ಆಫ್ ದಿ ಬೀಸ್ಟ್’ ಸುಮಾರು ನಲವತ್ತು ನಿಮಿಷ, ‘ಪವರ್‌ಸ್ಲೇವ್’ ಐವತ್ತೊಂದು. ಎರಡೂ ಅರವತ್ತು ನಿಮಿಷದ ಕ್ಯಾಸೆಟ್‌ಗೆ ಸಲೀಸಾಗಿ ಕೂತವು, ಅಣ್ಣ ಹಾಗೆ ತುಂಬಿಸಿಕೊಟ್ಟ ಟೇಪುಗಳು ಊರೆಲ್ಲ ಓಡಾಡಿದವು. ಜಾಗ ಕಡಿಮೆ ಇದ್ದಾಗ ಸಾಧಾರಣ ಐಡಿಯಾ ತಾನಾಗೇ ಬಿದ್ದುಹೋಗುತ್ತೆ. ಸಿಡಿ ಬಂತು, ಎಪ್ಪತ್ತು ನಿಮಿಷ ದಾಟಿದರೂ ತಡೆಯೋರಿಲ್ಲ. 2006ರದು ಎಪ್ಪತ್ತೆರಡು ನಿಮಿಷ, 2010ರ ‘ದಿ ಫೈನಲ್ ಫ್ರಾಂಟಿಯರ್’ ಎಪ್ಪತ್ತಾರು, ‘ಬುಕ್ ಆಫ್ ಸೋಲ್ಸ್’ ತೊಂಬತ್ತೆರಡು. ಈ ಕೊನೆಯದು ತೊಂಬತ್ತು ನಿಮಿಷದ ಕ್ಯಾಸೆಟ್‌ಗೂ ಹಿಡಿಸಲ್ಲ, ಅಣ್ಣನ ಸಿಟ್ಟಿನಲ್ಲಿ ಇದರ ಪಾಲೂ ಇದೆ ಅಂತ ನನಗೆ ಗುಮಾನಿ.

ಇನ್ನೊಂದು ವಿಷಯ ಎರಡೂ ಪಾರ್ಟಿಯವರು ಮರೀತಾರೆ. ಈ ಮೆಲ್ಲಗೆ ಬಾಸ್ ಮೀಟಿ, ಪಿಸುಗುಟ್ಟೋ ಹಾಗೆ ಹಾಡಿ, ಆಮೇಲೆ ಧಡಕ್ಕನೆ ಏಳೋ ಶೈಲಿ ಕಾಯಂ ಚಾಳಿ ಆಗಿದ್ದು 2000ದಲ್ಲಲ್ಲ, ಹಾಡುಗಾರ ಬ್ರೂಸ್ ಡಿಕಿನ್ಸನ್ ಬ್ಯಾಂಡ್ ಬಿಟ್ಟಿದ್ದಾಗ. 1995ರ ‘ದಿ ಎಕ್ಸ್ ಫ್ಯಾಕ್ಟರ್’ನಲ್ಲಿ ಬ್ಲೇಜ್ ಬೇಲಿ ಹಾಡುಗಾರ, ಮೊದಲ ಹಾಡೇ ಹನ್ನೊಂದು ನಿಮಿಷ. ಬಾಸ್ ನುಡಿಸೋ ಸ್ಟೀವ್ ಹ್ಯಾರಿಸ್ 1975ರಲ್ಲಿ ಬ್ಯಾಂಡ್ ಕಟ್ಟಿದವನು, ಇವತ್ತಿಗೂ ಯಜಮಾನ ಅವನೇ. 1999ರಲ್ಲಿ ಡಿಕಿನ್ಸನ್ ಜೊತೆ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ವಾಪಸ್ ಬಂದು ಗಿಟಾರ್ ಮೂರಾದವು, ಹ್ಯಾರಿಸ್‌ನ ಅಭ್ಯಾಸ ಮಾತ್ರ ಹಾಗೇ ಉಳೀತು. 1981ರಿಂದ 1992ರವರೆಗೆ ರೆಕಾರ್ಡಿಂಗ್ ನೋಡಿಕೊಳ್ಳೋಕೆ ಮಾರ್ಟಿನ್ ಬರ್ಚ್ ಅನ್ನೋ ನಿರ್ಮಾಪಕ ಇದ್ದ. 2000ದಿಂದ ಕೆವಿನ್ ಶರ್ಲಿ, ಜೊತೆಗೆ ಸಹನಿರ್ಮಾಪಕನಾಗಿ ಹ್ಯಾರಿಸ್ ತಾನೇ. ಬರೆದವನೇ ಕತ್ತರಿ ಹಿಡಿದರೆ ಎಷ್ಟು ಕತ್ತರಿಸ್ತಾನೆ ಹೇಳಿ?

ಆಲಾಪನೆ ಉದ್ದ ಆಯ್ತು ಅಂತ ಕಛೇರಿಯಲ್ಲಿ ಯಾರೂ ಎದ್ದು ಹೋಗಲ್ಲವಲ್ಲ ಅಂತ ಹುಡುಗ ವಾದ ಮಾಡ್ತಾನೆ. ಆಲಾಪನೆಯಲ್ಲಿ ಪ್ರತಿ ಸುತ್ತಿಗೂ ರಾಗ ಸ್ವಲ್ಪ ಸ್ವಲ್ಪ ತೆರೆದುಕೊಳ್ಳುತ್ತೆ ಮಾರಾಯ. ‘ಬುಕ್ ಆಫ್ ಸೋಲ್ಸ್’ನ ‘ದಿ ರೆಡ್ ಆ್ಯಂಡ್ ದಿ ಬ್ಲ್ಯಾಕ್’ ಹದಿಮೂರೂವರೆ ನಿಮಿಷ, ಅದರಲ್ಲಿ ‘ಓ ಓ’ ಅನ್ನೋ ಕೂಗು ಎಷ್ಟು ಸಲ ಬಂದರೂ ಹಾಡು ಇದ್ದಲ್ಲೇ ಇರುತ್ತೆ. 2021ರ ‘ಸೆಂಜುತ್ಸು’ವಿನ ‘ದಿ ಪಾರ್ಚ್‌ಮೆಂಟ್’ ಕೂಡ ಇದೇ ಕೇಸು. ಜೊತೆಗೆ ಗಿಟಾರ್ ನುಡಿಸಿದ ಸ್ವರವನ್ನೇ ಡಿಕಿನ್ಸನ್ ಕೈಲೂ ಹಾಡಿಸ್ತಾರೆ, ಅವನ ಗಂಟಲಿಗೆ ಸ್ವಂತ ದಾರಿಯೇ ಸಿಗಲ್ಲ. ಬೈಯೋದಿದ್ದರೆ ಇದಕ್ಕೆ ಬೈಬೇಕು, ನಿಮಿಷಕ್ಕಲ್ಲ.

ಉದ್ದ ಕೈ ಹಿಡಿದ ಕಡೆ ಮಾತ್ರ ಎಂಬತ್ತರ ದಶಕದ ಎಷ್ಟೋ ಹಾಡು ಇವುಗಳ ಮುಂದೆ ನಿಲ್ಲಲ್ಲ. 2003ರ ‘ಡ್ಯಾನ್ಸ್ ಆಫ್ ಡೆತ್’ ಮುಖಪುಟ ನೋಡಿ ಹೆದರಬೇಡಿ (ಕಂಪ್ಯೂಟರ್ ಕಲಿಯೋ ಹುಡುಗರೂ ಅದಕ್ಕಿಂತ ಚೆನ್ನಾಗಿ ಮಾಡ್ತಾರೆ), ಒಳಗಿನ ‘ಪಾಶನ್‌ಡೇಲ್’ ಕೇಳಿ. ಮೊದಲ ಮಹಾಯುದ್ಧದ ಕೆಸರು, ಕಂದಕ. ಡ್ರಮ್ಮರ್ ನಿಕೋ ಮೆಕ್‌ಬ್ರೇನ್‌ನ ಸಿಂಬಲ್ ಮೇಲಿನ ಸಣ್ಣ ಏಟಿನಿಂದ ಶುರುವಾಗಿ ಎಂಟೂವರೆ ನಿಮಿಷದಲ್ಲಿ ಒಂದೂ ದಂಡ ಇಲ್ಲ. 2006ರ ಆಲ್ಬಮ್‌ನ ‘ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್’ ಅಣುಬಾಂಬಿನ ಹಾಡು. ಗೀತೆಯ ಹನ್ನೊಂದನೇ ಅಧ್ಯಾಯದ ‘ದಿವಿ ಸೂರ್ಯಸಹಸ್ರಸ್ಯ’ ಗೊತ್ತಿರೋರಿಗೆ ಆ ಹೆಸರು ಕೇಳಿದ ತಕ್ಷಣ ಮೈ ಜುಂ ಅನ್ನುತ್ತೆ. ಆ ಆಲ್ಬಮ್‌ಗೆ ಮಾಸ್ಟರಿಂಗ್ (ಕೊನೆಯಲ್ಲಿ ಸದ್ದನ್ನ ನಯ ಮಾಡೋ ಕೆಲಸ) ಮಾಡಿಸದೇ ಹಾಗೇ ಬಿಟ್ಟರು, ಅದಕ್ಕೇ ಸದ್ದು ಸ್ವಲ್ಪ ಒರಟು, ಸ್ಟುಡಿಯೋ ಮೂಲೆಯಲ್ಲಿ ಕೂತು ಕೇಳಿದ ಹಾಗೆ. ನನಗೆ ಅದು ಗುಣ, ಅಣ್ಣಂಗೆ ದೋಷ.

ಇನ್ನು ‘ಎಂಪೈರ್ ಆಫ್ ದಿ ಕ್ಲೌಡ್ಸ್’, ‘ಬುಕ್ ಆಫ್ ಸೋಲ್ಸ್’ನ ಕೊನೇ ಹಾಡು. ಹದಿನೆಂಟು ನಿಮಿಷ, ಬರೆದಿದ್ದು ಹ್ಯಾರಿಸ್ ಅಲ್ಲ, ಡಿಕಿನ್ಸನ್, ಅದೂ ಪಿಯಾನೋ ಮುಂದೆ ಕೂತು. ಆರ್101 ಅನ್ನೋ ಬ್ರಿಟಿಷ್ ವಾಯುನೌಕೆಯ ಕಥೆ. 1930ರ ಅಕ್ಟೋಬರ್‌ನಲ್ಲಿ ಅದು ಹೊರಟಿದ್ದೇ ನಮ್ಮ ಕಡೆಗೆ, ಆಗಿನ ಹಿಂದೂಸ್ತಾನದ ಕರಾಚಿಗೆ. ಫ್ರಾನ್ಸಿನ ಬೋವೆ ಹತ್ತಿರ ಬಿದ್ದು ಉರಿದುಹೋಯ್ತು, 54 ಜನರಲ್ಲಿ 48 ಜನ ಸತ್ತರು. ಸ್ವತಃ ವಿಮಾನ ಓಡಿಸೋ ಮನುಷ್ಯ ಬರೆದಿದ್ದು ಅಂತ ಕೇಳಿದರೇ ಗೊತ್ತಾಗುತ್ತೆ: ಮಳೆಗೆ ನೆನೆದ ಹೊದಿಕೆ, ಏರಲಾರದ ಭಾರ, ಹೊರಡಲೇಬೇಕು ಅನ್ನೋ ಮಂತ್ರಿಯ ಹಟ, ಒಂದೊಂದಕ್ಕೂ ಸಂಗೀತದಲ್ಲಿ ಜಾಗ ಇದೆ. ಇದರಲ್ಲಿ ಒಂದು ನಿಮಿಷ ಕತ್ತರಿಸಿ ತೋರಿಸಿ ಅಂತ ನಾನು ಅಣ್ಣಂಗೆ ಪಂಥ ಕಟ್ಟಿದ್ದೀನಿ, ಇನ್ನೂ ಉತ್ತರ ಬಂದಿಲ್ಲ. ಅಂದಹಾಗೆ, ರೆಕಾರ್ಡಿಂಗ್ ಮುಗಿದ ಮೇಲೆ ಡಿಕಿನ್ಸನ್‌ಗೆ ನಾಲಿಗೆ ಕ್ಯಾನ್ಸರ್ ಅಂತ ಗೊತ್ತಾಗಿದ್ದು. ಚಿಕಿತ್ಸೆ ಆಗಲಿ ಅಂತ ಕಾದು ಆಲ್ಬಮ್ಮನ್ನ 2015ರ ಸೆಪ್ಟೆಂಬರ್‌ನಲ್ಲಿ ಬಿಟ್ಟರು.

ವೇದಿಕೆ ಮೇಲೆ ಈ ಹಾಡುಗಳು ಕಾಲು ಎಳೀತವೆ ಅನ್ನೋ ದೂರೂ ಇದೆ. 2006ರ ಪ್ರವಾಸದಲ್ಲಿ ಹೊಸ ಆಲ್ಬಮ್ಮನ್ನ ಮೊದಲಿಂದ ಕೊನೇವರೆಗೂ ನುಡಿಸಿ ಎಷ್ಟೋ ಜನರಿಂದ ಬೈಸಿಕೊಂಡರು. 2007ರ ಮಾರ್ಚ್ 17ಕ್ಕೆ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಹಳೇದನ್ನೂ ಬೆರೆಸಿದ್ದರು. ಅಣ್ಣನೂ ಬಂದಿದ್ದರು. ಹೊಸ ಹಾಡು ಬಂದಾಗಲೆಲ್ಲ ನೀರು ಕುಡಿಯೋಕೆ ಹೋಗ್ತಿದ್ದರು, ಇದನ್ನ ಅವರೇ ಹೆಮ್ಮೆಯಿಂದ ಹೇಳ್ಕೊಳ್ತಾರೆ.

ಹಾಗಾಗಿ 2006ರದ್ದು ಮೊದಲು, ಆಮೇಲೆ ‘ಬ್ರೇವ್ ನ್ಯೂ ವರ್ಲ್ಡ್’. ‘ಡ್ಯಾನ್ಸ್ ಆಫ್ ಡೆತ್’ನಲ್ಲಿ ‘ಪಾಶನ್‌ಡೇಲ್’ ಜೊತೆ ಆಲ್ಬಮ್ ಹೆಸರಿನದೇ ಹಾಡು ಸಾಕು. ‘ಫೈನಲ್ ಫ್ರಾಂಟಿಯರ್’ ಅವಸರವಿಲ್ಲ, ಆದರೆ ಅದರ ಕೊನೇ ಹಾಡು ‘ವೆನ್ ದ ವೈಲ್ಡ್ ವಿಂಡ್ ಬ್ಲೋಸ್’ ಬಿಡಬೇಡಿ. ‘ಬುಕ್ ಆಫ್ ಸೋಲ್ಸ್’ ಮನೆಯಲ್ಲಿ ಕೂತು ಕೇಳಿದರೆ ಮಧ್ಯ ಫೋನ್ ನೋಡ್ತೀರಿ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಕಾರಲ್ಲಿ ಹೋಗೋವಾಗ ಹಾಕಿ, ದಾರಿಯಲ್ಲಿ ಟೀಗೆ ನಿಲ್ಲಿಸದಿದ್ದರೆ ಊರು ಸೇರೋದೂ ವಾಯುನೌಕೆ ಬೀಳೋದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ‘ಸೆಂಜುತ್ಸು’ ಕೊನೆಗಿರಲಿ, ಅದರಲ್ಲಿ ‘ಹೆಲ್ ಆನ್ ಅರ್ತ್’ ಮೊದಲು ಕೇಳಿ. ಹ್ಯಾರಿಸ್ ಬರೆದ ಹನ್ನೊಂದು ನಿಮಿಷದ ಹಾಡು ಅದು, ಅದೇ ಮೆಲ್ಲನೆಯ ಆರಂಭ, ಆದರೂ ಕೆಲಸ ಮಾಡುತ್ತೆ. ಯಾಕೆ ಅನ್ನೋದರ ಬಗ್ಗೆ ಹುಡುಗಂಗೂ ನನಗೂ ಬೇರೆಯದೇ ಜಗಳ ನಡೀತಿದೆ.

ಬ್ಲೇಜ್ ಬೇಲಿ ಕಾಲದ ಎರಡು ಆಲ್ಬಮ್ ಬಗ್ಗೆ ನೀವು ಕೇಳಿಲ್ಲ, ಹಾಗಾಗಿ ಬಿಟ್ಟಿದ್ದೀನಿ. ಬೇಕಿದ್ದರೆ ಇನ್ನೊಂದು ಪ್ರಶ್ನೆ ಹಾಕಿ.